ಎಂಬತ್ತು ಇಂಚಿನ ಬಾಗಿಲು

ನನ್ನ ನೆನಪಿನಲ್ಲಿ ನಾನು ಮೊದಲು ದೊಡ್ಡಪ್ಪನಿಗೆ ಫೋನ್ ಮಾಡಿದೆ, ಆಮೇಲೆ ಪ್ರೋಗ್ರಾಂ ತಿದ್ದಿದೆ. ದಾಖಲೆ ಬೇರೆ ಹೇಳುತ್ತದೆ. ಕೋಡಿನಲ್ಲಿ ಮಾಡಿದ ಪ್ರತಿ ಬದಲಾವಣೆಗೂ ಗಂಟೆ ನಿಮಿಷ ಅಂಟಿಕೊಂಡಿರುತ್ತದೆ. ತಿದ್ದಿದ್ದು ಒಂಬತ್ತು ಹನ್ನೆರಡಕ್ಕೆ. ದೊಡ್ಡಪ್ಪನ ನಂಬರಿಗೆ ಮೊದಲ ಕರೆ ಹೋದದ್ದು ಒಂಬತ್ತು ಮೂವತ್ತಾರಕ್ಕೆ. ನಡುವೆ ಇಪ್ಪತ್ತನಾಲ್ಕು ನಿಮಿಷ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂಬುದು ನೆನಪಿಲ್ಲ. ಸುಳ್ಳು, ನೆನಪಿದೆ. ಬಸ್ಸಿನ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದೆ.

ನಮ್ಮದು ನಾಗಮಂಗಲದ ಬಡಗಿಗಳ ಮನೆ. ನಾನೊಬ್ಬ ಮರ ಬಿಟ್ಟು ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಬಿದ್ದೆ. ಶ್ರೀರಂಗಪಟ್ಟಣದ ಬಾಡಿಗೆ ಮನೆಯಲ್ಲಿ ಕೂತು ಕಂಪನಿಯ ಕೆಲಸ ಮಾಡುತ್ತೇನೆ. ದೊಡ್ಡಪ್ಪ ಈಗಲೂ ಬಾಗಿಲವಾಡ, ಅಂದರೆ ಬಾಗಿಲಿನ ಚೌಕಟ್ಟು, ಮಾಡುತ್ತಾರೆ. ಬಾಗಿಲಿಗೆ ಆಯ ನೋಡುವುದು ಅವರ ಕೆಲಸದ ಮೊದಲ ಹೆಜ್ಜೆ: ಚೌಕಟ್ಟಿನ ಒಳಗಿನ ಎತ್ತರವನ್ನೂ ಅಗಲವನ್ನೂ ಇಂಚಿನಲ್ಲಿ ಹಿಡಿದು, ಎರಡನ್ನೂ ಗುಣಿಸಿ, ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜಾಯ, ಶುಭ. ಏನೂ ಉಳಿಯದಿದ್ದರೆ ಕಾಕಾಯ. ಅಂಥ ಬಾಗಿಲನ್ನು ನಮ್ಮ ಕಡೆ ಯಾರೂ ನಿಲ್ಲಿಸುವುದಿಲ್ಲ.

ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೂ ದೊಡ್ಡಪ್ಪನ ಎಡಗಣ್ಣಿಗೆ ಪೊರೆ ಬಂದಾಗ, ಫೋನಿನಲ್ಲಿ ಆಯ ತೋರಿಸುವ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಅಳತೆ ಒತ್ತಿದರೆ ಸಾಕು, ಅಂಗೈಯಗಲದ ಅಕ್ಷರದಲ್ಲಿ ಆಯದ ಹೆಸರು ಬರುತ್ತದೆ. ಇನ್ನು ಮೇಲೆ ಪೆನ್ಸಿಲ್ ಲೆಕ್ಕ ಬೇಡ, ಯಂತ್ರ ತಪ್ಪುವುದಿಲ್ಲ ಎಂದು ನಾನೇ ಹೇಳಿದೆನಂತೆ. ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ದೊಡ್ಡಪ್ಪನ ಮಗನಿಗೆ ನೆನಪಿದೆ.

ಆ ದಿನ ಕಿಕ್ಕೇರಿ ಹತ್ತಿರ ಒಂದು ಹೊಸ ಮನೆಗೆ ಬಾಗಿಲು ನಿಲ್ಲಿಸುವುದಿತ್ತು. ಮುಹೂರ್ತ ಹನ್ನೊಂದೂಕಾಲಿಗೆ. ಮನೆ ಕಟ್ಟಿಸುತ್ತಿದ್ದವರು ನಾಲ್ಕು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ಮಿಕ್ಕಿದ್ದು ಹೇಗಾದರೂ ಇರಲಿ, ಬಾಗಿಲಿನ ಆಯ ಒಂದು ಸರಿ ಇರಲಿ ಎಂದು ಮರ ಕೊಡುವಾಗಲೇ ಹೇಳಿದ್ದರು. ಬಾಗಿಲವಾಡ ಹೇರಿಕೊಂಡು ದೊಡ್ಡಪ್ಪ, ಅವರ ಮಗ ನಾಗಮಂಗಲದಿಂದ ಬೆಳಿಗ್ಗೆಯೇ ಹೊರಟಿದ್ದರು. ನಾನು ನೋಡಲೆಂದು ಬಸ್ಸು ಹತ್ತಿದ್ದೆ.

ಪಾಂಡವಪುರ ದಾಟಿದ ಮೇಲೆ ಸೀಟು ಸಿಕ್ಕಿತು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ದೊಡ್ಡಪ್ಪನ ಫೋನಿನಿಂದ ಬರುವ ಪ್ರೋಗ್ರಾಂನ ದಾಖಲೆ ತೆರೆದೆ. ಕೊನೆಯ ಸಾಲುಗಳಲ್ಲಿ ಮೊದಲು ಹಿಂದಿನ ಬಾಗಿಲು: ಎಂಬತ್ತೊಂದು, ನಲವತ್ತೊಂದು, ಧ್ವಜ. ಅದರ ಕೆಳಗೆ ಇವತ್ತಿನ ಬಾಗಿಲು: ಎಂಬತ್ತು, ನಲವತ್ತೊಂದು, ಧ್ವಜ. ಅದೇ ಸಾಲು ಮೂರು ಸಲ. ದೊಡ್ಡಪ್ಪ ನಿನ್ನೆ ಮೂರು ಸಲ ಒತ್ತಿ ನೋಡಿದ್ದರು.

ಎಂಬತ್ತು ಎಂಟರ ಮಗ್ಗಿಯಲ್ಲಿ ಬರುತ್ತದೆ. ಅಗಲ ಎಷ್ಟೇ ಇರಲಿ, ಏನೂ ಉಳಿಯುವುದಿಲ್ಲ. ಅದು ಧ್ವಜವಾಗಲು ಸಾಧ್ಯವೇ ಇಲ್ಲ.

ತಪ್ಪು ಹುಡುಕಲು ಎರಡು ನಿಮಿಷ ಹಿಡಿಯಲಿಲ್ಲ. ಉಳಿಕೆ ಇದ್ದರೆ ಹೊಸ ಆಯ ತೋರಿಸು, ಇಲ್ಲದಿದ್ದರೆ ಹಿಂದಿನದನ್ನೇ ಇಟ್ಟುಕೋ ಎಂದು ಬರೆದಿದ್ದೆ. ಅಂಕಿ ಒತ್ತುವಾಗ ಪರದೆ ಖಾಲಿಯಾಗದಿರಲಿ ಎಂಬ ಅಂದದ ಆಸೆಗೆ. ನಾನು ಬರೆಯುವ ಭಾಷೆಯಲ್ಲಿ ಸೊನ್ನೆ ಎಂದರೂ 'ಇಲ್ಲ' ಎಂದೇ ಲೆಕ್ಕ. ಹಾಗಾಗಿ ಕಾಕಾಯ ಬಂದಾಗಲೆಲ್ಲ ಯಂತ್ರ ಹಿಂದಿನ ಬಾಗಿಲಿನ ಆಯವನ್ನೇ ತೋರಿಸುತ್ತಿತ್ತು. ಪರೀಕ್ಷೆ ಮಾಡುವಾಗ ನಾನು ಒಂದರಿಂದ ಏಳರವರೆಗೆ ಉಳಿಯುವ ಅಳತೆಗಳನ್ನಷ್ಟೇ ಹಾಕಿ ನೋಡಿದ್ದೆ.

ತಿದ್ದಿದೆ. ದೊಡ್ಡಪ್ಪನ ಫೋನಿಗೂ ತಾನಾಗಿಯೇ ಹೋಗುವಂತೆ ಕಳಿಸಿಬಿಟ್ಟೆ. ಆ ಕ್ಷಣದ ನೆಮ್ಮದಿ ಮಾತ್ರ ಚೆನ್ನಾಗಿ ನೆನಪಿದೆ. ಫೋನಿನಲ್ಲಿ ತಪ್ಪು ಇದ್ದ ಗುರುತೇ ಇನ್ನಿಲ್ಲ. ಆಮೇಲೆ ಹೊಳೆಯಿತು: ಬಾಗಿಲು ಹಾಗೆಯೇ ಇದೆಯಲ್ಲ. ಹೇಳಬೇಕು. ಹೇಳದಿದ್ದರೆ? ಕಾಗೆಯ ಹೆಸರಿನ ಒಂದು ಉಳಿಕೆಯಿಂದ ಯಾರ ಮನೆಗೆ ಏನಾಗುತ್ತದೆ? ನಂಬದವನಿಗೆ ಅದು ತಪ್ಪೇ ಅಲ್ಲ. ಇಪ್ಪತ್ತನಾಲ್ಕು ನಿಮಿಷ ಈ ವಾದದಲ್ಲೇ ಹೋಯಿತು. ಕೊನೆಗೆ ಫೋನ್ ಮಾಡಿದಾಗ ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ಪೇಟೆಯಲ್ಲಿ ಬಸ್ಸು ಬದಲಿಸಿ ಕಿಕ್ಕೇರಿಗೆ ಹೋಗುವವರೆಗೂ ಮುಹೂರ್ತಕ್ಕೆ ಎಷ್ಟು ನಿಮಿಷ ಉಳಿದಿದೆ ಎಂದು ನೋಡುತ್ತಲೇ ಇದ್ದೆ.

ಹತ್ತೂಕಾಲಿಗೆ ತಲುಪಿದೆ. ಬಾಗಿಲವಾಡ ಇಟ್ಟಿಗೆಗಳ ಮೇಲೆ ಅಂಗಾತ ಮಲಗಿತ್ತು; ಅರಿಶಿನ ಹಚ್ಚಿಯಾಗಿತ್ತು. ಯಾರೂ ಅದರ ಹತ್ತಿರ ಇರಲಿಲ್ಲ. ದೊಡ್ಡಪ್ಪ ಮರಳಿನ ಗುಡ್ಡೆಯ ಮೇಲೆ ಕೂತಿದ್ದರು. ಮನೆಯೊಡತಿ ಸೆರಗು ಕಟ್ಟಿಕೊಂಡು ದೂರ ನಿಂತಿದ್ದರು. ಅವರಿಗೆ ಆಯ ತೋರಿಸಲೆಂದು ದೊಡ್ಡಪ್ಪ ಒಂಬತ್ತೂವರೆಗೆ ಫೋನ್ ತೆಗೆದು ಮತ್ತೆ ಅಳತೆ ಒತ್ತಿದ್ದರು. ಅಷ್ಟರಲ್ಲಿ ನನ್ನ ತಿದ್ದುಪಡಿ ಅಲ್ಲಿಗೆ ತಲುಪಿತ್ತು.

ದೊಡ್ಡಪ್ಪನ ಮಗ ನನ್ನನ್ನು ಕಂಡವನೇ ಫೋನನ್ನು ಮುಖಕ್ಕೆ ಹಿಡಿದ. "ನೋಡ್ಲಾ, ಕಾಕ ಅಂತ ಇಷ್ಟು ದಪ್ಪಕೆ ಅದೆ. ಇದ್ನ ಮೂರು ಸಲ ಧ್ವಜ ಅಂತ ಓದವ್ರೆ. ನಾನು ವರ್ಸದಿಂದ ಯೋಳ್ತಾನೆ ಇವ್ನಿ, ಅಪ್ಪನ ಕಣ್ಣು ಓಯ್ತು, ಉಳಿ ಕೆಳಗ್ ಮಡಗ್ಲಿ ಅಂತ."

ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ. "ಧ್ವಜ ಅಂತ್ಲೇ ಕಾಣ್ತು ಕಣ್ಲಾ ನಿನ್ನೆ," ಎಂದರು, ನೆಲಕ್ಕೆ ಹೇಳುವಂತೆ. ಆಮೇಲೆ ಚೀಲದಿಂದ ತಮ್ಮ ಅಗಲದ ಉಳಿ ತೆಗೆದು ಮಗನ ಕೈಗಿಟ್ಟರು. "ನೀನೇ ಸರಿ ಮಾಡು. ಇನ್ ಮ್ಯಾಲೆ ಎಲ್ಲಾ ನೀನೇ ನೋಡ್ಕೊ."

ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ತಿದ್ದಿದ್ದನ್ನು ಮುಚ್ಚಿಟ್ಟು ಆ ತಪ್ಪನ್ನು ಅವರ ಕಣ್ಣಿನ ಮೇಲೆ ಹೊರಿಸಿದ್ದೆ, ಮತ್ತು ಅವರು ಅದನ್ನು ಒಪ್ಪಿಕೊಂಡುಬಿಟ್ಟಿದ್ದರು. ಎಷ್ಟು ಹೊತ್ತು ನಿಂತಿದ್ದೆನೋ. ಇದಕ್ಕೆ ದಾಖಲೆ ಇಲ್ಲ.

"ದೊಡ್ಡಪ್ಪ, ನಿನ್ನೆ ಅದು ಧ್ವಜ ಅಂತ್ಲೇ ತೋರಿಸಿದ್ದು. ತಪ್ಪು ನಂದು. ಬೆಳಿಗ್ಗೆ ಬಸ್ಸಲ್ಲಿ ತಿದ್ದುಬುಟ್ಟು ಯಾರ್ಗೂ ಯೋಳ್ದೆ ಕುಂತಿದ್ದೆ."

ಮಗ ನಂಬಲಿಲ್ಲ, ಮುದುಕನ ಮನಸ್ಸು ಉಳಿಸಲು ಹೇಳುತ್ತಿದ್ದೇನೆ ಅಂದುಕೊಂಡ. ಲ್ಯಾಪ್‌ಟಾಪ್ ಬಿಚ್ಚಿ ನಿನ್ನೆಯ ಪ್ರೋಗ್ರಾಂ ತೆಗೆದೆ. ಹಳೆಯ ರೂಪಗಳು ಅಳಿಯುವುದಿಲ್ಲ, ಕೇಳಿದರೆ ಎದ್ದು ಬರುತ್ತವೆ. ಹಿಂದಿನ ಬಾಗಿಲಿನ ಅಳತೆಯನ್ನು ಅವನ ಕೈಯಲ್ಲೇ ಒತ್ತಿಸಿದೆ: ಧ್ವಜ. ಆಮೇಲೆ ಎಂಬತ್ತು, ನಲವತ್ತೊಂದು. ಅವನೇ ಗಟ್ಟಿಯಾಗಿ ಓದಿದ: "ಧ್ವಜ."

ದೊಡ್ಡಪ್ಪ ಎದ್ದು ಬಂದು ಪರದೆಗೆ ಮುಖ ತಂದು ತಾವೂ ಓದಿದರು.

"ಏನೂ ಉಳೀದಿದ್ರೆ ಎಂಟು ಉಳೀತು ಅಂತ ಇಡಿಬೇಕು, ಸೊನ್ನೆ ನಮ್ ಲೆಕ್ಕದಾಗೆ ಇಲ್ಲ ಅಂತ ಮೊದಲ್ನೇ ದಿನವೇ ಯೋಳಿರ್ನಿಲ್ವೇನ್ಲಾ?"

"ಯೋಳಿದ್ರಿ."

"ನೀನು ಬರ್ಕಂಡೂ ಇದ್ದೆ," ಎಂದರು ದೊಡ್ಡಪ್ಪ.

"ಊಂ. ಬರ್ಕಂಡಿದ್ದೆ."

ಬಯ್ಯುತ್ತಾರೆಂದು ಕಾದೆ. ಅವರು ಮಗನ ಕೈಯಿಂದ ಉಳಿ ವಾಪಸ್ಸು ತೆಗೆದುಕೊಂಡರು, ಅಷ್ಟೇ.

ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇತ್ತು. ಹೊಸ್ತಿಲಿನ ಮೇಲ್ಮೈಯಲ್ಲಿ ಒಂದಿಂಚು ಕೆತ್ತಿ ತೆಗೆದರೆ ಒಳ ಎತ್ತರ ಎಂಬತ್ತೊಂದಾಗುತ್ತದೆ, ಹೊರ ಅಳತೆ ಬದಲಾಗುವುದಿಲ್ಲ. ಅದನ್ನು ದೊಡ್ಡಪ್ಪ ಮನೆಯೊಡತಿಗೆ ವಿವರಿಸಿ, ಬೇಡ ಅಂದರೆ ಬೇರೆ ದಿನ ನೋಡೋಣ ಎಂದರು.

"ಮೂರ್ತದ ಒತ್ತಿಗೆ ಆಗ್ತದಾ ಆಚಾರ್ರೆ?" ಎಂದು ಅವರು ಕೇಳಿದರು.

"ಆಗ್ತದೆ ಕಣವ್ವ. ಇವನ ಯಂತ್ರ ಮುಟ್ಟದೆ ಇದ್ರೆ."

ಅವರು ನಕ್ಕರೋ ಇಲ್ಲವೋ. ನಾನು ತಲೆ ಎತ್ತಿರಲಿಲ್ಲ.

ಮಗ ಬಾಚಿ ಹಿಡಿದು ಹೊಸ್ತಿಲಿನ ಉದ್ದಕ್ಕೂ ಕೆತ್ತಿದ. ಬಾಗಿಲವಾಡದ ಎರಡು ಕಂಬಗಳ ಬುಡದ ಮೂಲೆಗಳಿಗೆ ದೊಡ್ಡಪ್ಪ ಮಂಡಿಯೂರಿ ಉಳಿ ಇಟ್ಟರು. ಅಲ್ಲಿ ಒಂದು ಏಟು ಹೆಚ್ಚಾದರೆ ಜೋಡಣೆ ಸಡಿಲಾಗುತ್ತದೆ. ಚಕ್ಕೆ ಬಳಿದು ಹಾಕುವುದು ಬಿಟ್ಟರೆ ನನಗೆ ಕೆಲಸವಿರಲಿಲ್ಲ. ಹನ್ನೊಂದಾಯಿತು. ಪುರೋಹಿತರು ಎರಡು ಸಲ ಬಂದು ಇಣುಕಿ ಹೋದರು.

ಹನ್ನೊಂದೂ ಹತ್ತಕ್ಕೆ ದೊಡ್ಡಪ್ಪ ಟೇಪು ಹಿಡಿದು ತಾವೇ ಓದಿದರು: ಎಂಬತ್ತೊಂದು. ಮಗ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲವಾಡದ ಇನ್ನೊಂದು ತುದಿ ಎತ್ತಲು ಹೋದ.

ವಾಪಸ್ಸು ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ ಎಂದು ನನ್ನ ನೆನಪು. ದೊಡ್ಡಪ್ಪ ಪೇಟೆಯವರೆಗೂ ಬಾಯಿ ಮುಚ್ಚಲಿಲ್ಲ ಎನ್ನುತ್ತಾನೆ ಅವರ ಮಗ. ಈಗ ನಾನು ಆ ಪ್ರೋಗ್ರಾಂನಲ್ಲಿ ಒಂದು ಸಾಲು ಬದಲಿಸಿದರೂ, ಏನು ಬದಲಿಸಿದೆ ಎಂಬುದು ದೊಡ್ಡಪ್ಪನ ಫೋನಿನಲ್ಲಿ ಮೊದಲು ಕಾಣುತ್ತದೆ. ಓದಿದೆ ಎಂದು ಅವರು ಒತ್ತುವವರೆಗೆ ಆ ಬದಲಾವಣೆ ಜಾರಿಗೆ ಬರುವುದಿಲ್ಲ. ಅದೊಂದು ಕಾಟ ಎಂದು ಬಯ್ಯುತ್ತಾರೆ, ಓದುತ್ತಾರೆ. ಮುಂದಿನ ಬಾಗಿಲು ಗೋವಿಂದನಹಳ್ಳಿಯದು. ಅಳತೆ ಹಿಡಿದವರು ಅವರೇ.