ಮನ್ವಿಯ ಸ್ವರದಲ್ಲಿ ನಾನು ಮಾಡಿದ ಫೋನು

ತಪ್ಪೊಪ್ಪಿಗೆಯನ್ನು ಮೊದಲೇ ಮಾಡಿಬಿಡುತ್ತೇನೆ. ಕೊನೆಯವರೆಗೆ ಇಟ್ಟುಕೊಂಡರೆ ಅಷ್ಟರೊಳಗೆ ನೀವು ನನ್ನನ್ನು ಒಳ್ಳೆಯವನೆಂದು ನಂಬಿಬಿಡುವ ಅಪಾಯ ಉಂಟು. ಐದು ವರ್ಷದ ಹಿಂದೆ, ಒಂದು ಗುರುವಾರ ಸಂಜೆ, ಎಂಟು ವರ್ಷದ ಹುಡುಗಿಯ ಸ್ವರದಲ್ಲಿ ನಾನು ಆಲಂಕಾರಿನ ಒಬ್ಬ ಹೆಂಗಸಿಗೆ ಫೋನ್ ಮಾಡಿದೆ. ಆಗ ನನಗೆ ಇಪ್ಪತ್ತೆರಡು; ಮೀಸೆಯೂ ಇತ್ತು. ಆ ಹುಡುಗಿ ಅಕ್ಕನ ಮಗಳು ಮನ್ವಿ. ಅವಳೇ ಮಾಡಬೇಕಾಗಿದ್ದ ಫೋನನ್ನು ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ನಾನು ಮಾಡಿ ಮುಗಿಸಿದೆ. ಚೆನ್ನಾಗಿಯೇ ಮಾಡಿದೆ. ಕೆಟ್ಟದಾಗಿ ಮಾಡಿದ್ದರೆ ಅಲ್ಲಿಗೇ ಸಿಕ್ಕಿಬಿದ್ದು ಬದುಕಿಕೊಳ್ಳುತ್ತಿದ್ದೆ.

ಅನುಕರಣೆ ನನಗೆ ಸೀನು ಬಂದ ಹಾಗೆ ಬರುತ್ತದೆ, ತಡೆಯಲಾಗುವುದಿಲ್ಲ. ಆಗ ನಾನು ಪುತ್ತೂರಿನಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು ಹಗಲು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ರಜೆಯ ದಿನ ವಾಲಿಬಾಲ್ ಪಂದ್ಯಾಟಗಳಿಗೆ ವೀಕ್ಷಕ ವಿವರಣೆ. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಮೈಕಿನಲ್ಲಿ ಕನ್ನಡ, ಕೇರಳದ ಗಡಿಯಲ್ಲಿರುವ ಹುಟ್ಟಿದೂರು ಈಶ್ವರಮಂಗಲದಿಂದ ಹೊತ್ತು ತಂದ ಒಂದಷ್ಟು ಮಲಯಾಳ: ಹೀಗೆ ನಾಲ್ಕು ಭಾಷೆಗಳಲ್ಲಿ ನನಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮೀನು ಮಾರುವವರ ಸ್ಕೂಟರಿನ ಹಾರ್ನ್ ನನ್ನ ವಿಶೇಷ. ಅದನ್ನು ಕೇಳಿ ಅಕ್ಕ ಎರಡು ಸಲ ಪಾತ್ರೆ ಹಿಡಿದು ಗೇಟಿನವರೆಗೆ ಹೋಗಿ ಬಂದಳು. ಮೂರನೆಯ ಸಲ ನಿಜವಾದ ಮೀನು ಬಂದಾಗ ಅವಳು ಕದಲಲಿಲ್ಲ. ಆ ದಿನ ಮಧ್ಯಾಹ್ನ ಎಲ್ಲರಿಗೂ ತಿಳಿಸಾರು.

ಇಂಥ ಮನೆಯ ಮಗು ಹೋಗುತ್ತಿದ್ದದ್ದು ಮಾಂಟೆಸ್ಸರಿ ಶಾಲೆಗೆ. ಇಟಲಿಯ ಒಬ್ಬ ಡಾಕ್ಟರಮ್ಮ ಕಂಡುಕೊಂಡ ಕ್ರಮವಂತೆ. ಅಲ್ಲಿ ಬೆಂಚಿಲ್ಲ, ಬೆತ್ತವಿಲ್ಲ, ಟೀಚರಿಗೆ ಗಂಟಲೂ ಇಲ್ಲ. ಮಕ್ಕಳು ತಂತಮ್ಮ ಚಾಪೆಯನ್ನು ತಾವೇ ತಂದು ಹಾಸಿ, ಅದರ ಮೇಲೆ ತಮ್ಮ ಕೆಲಸ ಇಟ್ಟುಕೊಂಡು ಕೂರುತ್ತಾರೆ. ಮುಗಿದ ಮೇಲೆ ಸುರುಳಿ ಸುತ್ತಿ ಇದ್ದ ಜಾಗದಲ್ಲಿ ಇಡುತ್ತಾರೆ. ಅಂದಂದು ಏನು ಮಾಡಿದೆವೆಂದು ತಮ್ಮ ಪುಸ್ತಕದಲ್ಲಿ ತಾವೇ ಬರೆಯುತ್ತಾರೆ. ನಾನು ಮೊದಲ ಸಲ ಹೋದ ದಿನ ಮಗುವೊಂದು ಸಾವಿರ ಮಣಿಗಳ ಸರವನ್ನು ಜಗಲಿಯ ಈ ತುದಿಯಿಂದ ಆ ತುದಿಗೆ ಬಿಡಿಸಿ ಎಣಿಸುತ್ತಿತ್ತು. ದಾಟಲು ಕಾಲೆತ್ತಿದೆ. ಮಗು ತಲೆ ಎತ್ತದೆ, "ಸುತ್ತು ಹಾಕಿ ಹೋಗಿ. ಮುನ್ನೂರ ನಲುವತ್ತೆರಡು," ಎಂದಿತು. ಸುತ್ತು ಹಾಕಿ ಹೋದೆ.

ಶಾಲೆಯೆಂದರೆ ನನಗೆ ಗೊತ್ತಿದ್ದದ್ದು ಈಶ್ವರಮಂಗಲದ ನಮ್ಮ ಶಾಲೆ. ಮಗ್ಗಿ ಹೇಳಲು ಶುರುಮಾಡಿದರೆ ಹೆಂಚಿನ ಮೇಲಿನ ಪಾರಿವಾಳಗಳು ಹಾರಿ ಹೋಗುತ್ತಿದ್ದವು. ಒಂದು ದಿನ ಹೆಡ್ ಮಾಷ್ಟ್ರ ಕುರ್ಚಿಯಲ್ಲಿ ಕೂತು ಅವರದೇ ಸ್ವರದಲ್ಲಿ ನಾನು ಉಕ್ತಲೇಖನ ಹೇಳುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತಿದ್ದರು. ಹೊಡೆಯಲಿಲ್ಲ. ಅವರಿಗೆ ಆ ವಾರ ಗಂಟಲು ಕಟ್ಟಿತ್ತು. "ಇನ್ನು ಶನಿವಾರದವರೆಗೆ ನೀನೇ ಹೇಳು," ಎಂದು ಪಿಸುಗುಟ್ಟಿ ಪಕ್ಕದ ಸ್ಟೂಲಿನಲ್ಲಿ ಕೂತರು. ಹುಡುಗರು ಹೆದರಿ ಒಂದು ತಪ್ಪೂ ಇಲ್ಲದೆ ಬರೆದರು. ಆ ಮಾಷ್ಟ್ರು ಈಗಿಲ್ಲ. ಅವರ ಸ್ವರ ನನ್ನ ಹತ್ತಿರ ಹಾಗೇ ಉಂಟು. ಒಬ್ಬನೇ ಬೈಕಿನಲ್ಲಿ ಹೋಗುವಾಗ ಕೆಲವೊಮ್ಮೆ ಒಂದು ಪ್ಯಾರಾ ಉಕ್ತಲೇಖನ ಹೇಳಿಕೊಳ್ಳುತ್ತೇನೆ.

ಆಲೋಚಿಸಿದರೆ ವಿಚಿತ್ರ. ನಮ್ಮ ಅಜ್ಜಂದಿರು ನೆಲದಲ್ಲಿ ಕೂತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿದರು. ಅದು ಹಿಂದುಳಿದದ್ದೆಂದು ಅಪ್ಪಂದಿರನ್ನು ಬೆಂಚಿಗೆ ಹತ್ತಿಸಿದರು. ಈಗ ಮೊಮ್ಮಕ್ಕಳನ್ನು ಫೀಸು ಕಟ್ಟಿ ಪುನಃ ನೆಲಕ್ಕಿಳಿಸಿದ್ದೇವೆ. ಮನ್ವಿ ಚಿಕ್ಕ ತರಗತಿಯಲ್ಲಿ ಮರಳುಕಾಗದದ ಅಕ್ಷರಗಳನ್ನು ಬೆರಳಿನಿಂದ ತೀಡುತ್ತಿದ್ದುದನ್ನು ಕಂಡು ನಮ್ಮ ಅಮ್ಮ, "ಇದಕ್ಕೆ ಇಟಲಿಗೆ ಹೋಗ್ಬೇಕಿತ್ತಾ?" ಎಂದು ಕೇಳಿದ್ದರು.

ಶಾಲೆಗಿಂತ ಕಷ್ಟದ ಪಾಠ ಮನೆಯವರಿಗಿತ್ತು. ಮನ್ವಿಯ ಟೀಚರ್ ಲವೀನಾ ಅವರು, ಮಕ್ಕಳ ಬಾಯಲ್ಲಿ ಲವೀನಾ ಆಂಟಿ, ಪೋಷಕರ ಸಭೆಯಲ್ಲಿ ಹತ್ತಿಯಂಥ ಸ್ವರದಲ್ಲಿ ಹೇಳಿದ್ದರು: "ಮಗು ಮಾಡಬಹುದಾದ್ದನ್ನು ನೀವು ಮಾಡಿಕೊಡಬೇಡಿ. ಹತ್ತಿರ ಇದ್ದರೆ ಸಾಕು." ಭಾವ ಇದನ್ನು ಕೋರ್ಟಿನ ಆದೇಶದಂತೆ ಪಾಲಿಸಿದ. ಮನ್ವಿಯ ಎತ್ತರಕ್ಕೆ ಗೋಡೆಗೆ ಮೊಳೆ ಹೊಡೆದ, ಗಿಡ್ಡ ಪೊರಕೆ ತಂದ. ನೀರು ಚೆಲ್ಲಿದರೆ ಬೈಗುಳದ ಬದಲು ಬಟ್ಟೆ ಕೊಡುವ ಪದ್ಧತಿ ಬಂತು. ಮನ್ವಿ ಮುಳ್ಳುಸೌತೆಯ ಸಿಪ್ಪೆ ತೆಗೆಯಲು ಕೂತರೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಭಾವ ಹಸಿದ ಹೊಟ್ಟೆಯಲ್ಲಿ ಗಾಂಧಾರಿಯ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದ. ಅಕ್ಕ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುತ್ತಿದ್ದಳು. ನಾನು ಮೂವರನ್ನೂ ಅಣಕಿಸುತ್ತಿದ್ದೆ. ನನಗೆ ಬೇರೆ ಕೆಲಸ ಕೊಟ್ಟಿರಲಿಲ್ಲ.

ಫೋನಿನ ವಿಷಯ ಶುರುವಾದದ್ದು ಚಾಪೆಯಿಂದ. ದಿನಾ ಹಾಸುವ ಚಾಪೆಯನ್ನು ಮಾಡುವುದು ಹೇಗೆಂದು ಮನ್ವಿಯೂ ಅವಳ ಗೆಳೆಯರಾದ ಶಾಹಿಲ್, ತೇಜಸ್ ಇಬ್ಬರೂ ಕೇಳಿದರು. ಬೇರೆ ಶಾಲೆಯಲ್ಲಾದರೆ ಟೀಚರ್ ಉತ್ತರ ಹೇಳಿ ಮುಗಿಸುತ್ತಿದ್ದರು. ಲವೀನಾ ಆಂಟಿ, "ಗೊತ್ತಿರುವವರು ಯಾರು? ಹೋಗಿ ನೋಡ್ತೀರಾ?" ಎಂದರು. ದೊಡ್ಡ ಮಕ್ಕಳ ತರಗತಿಯಲ್ಲಿ ಅದೊಂದು ಕ್ರಮ: ಎರಡು ಮೂರು ಮಕ್ಕಳು ಸೇರಿ ಹೊರಗೆ ಹೋಗಿ ತಿಳಿದು ಬರುವುದು. ಏರ್ಪಾಡೆಲ್ಲ ಅವರದೇ. ಜೊತೆಗೆ ಹೋಗುವ ದೊಡ್ಡವರು ಬರೀ ಕಾವಲು. ಆಲಂಕಾರಿನಲ್ಲಿ ಮುಂಡೇವಿನ, ಅಂದರೆ ಕೇದಗೆ ಜಾತಿಯ ಮುಳ್ಳು ಗಿಡದ, ಓಲೆಯಿಂದ ಚಾಪೆ ಹೆಣೆಯುವ ಕಮಲಕ್ಕ ಎಂಬವರಿದ್ದಾರೆಂದು ಪತ್ತೆಯಾಯಿತು. ಶಾಹಿಲನಿಗೆ ಬಸ್ಸಿನ ಸಮಯ ತಿಳಿಯುವ ಕೆಲಸ, ತೇಜಸನಿಗೆ ಪ್ರಶ್ನೆಗಳ ಪಟ್ಟಿ. ಫೋನ್ ಮಾಡಿ ಒಪ್ಪಿಗೆ ಕೇಳುವ ಕೆಲಸವನ್ನು ಮನ್ವಿ ತಾನಾಗಿ ಕೇಳಿ ತೆಗೆದುಕೊಂಡಳು.

ಅದು ಸಣ್ಣ ಸಂಗತಿಯಲ್ಲ. ಮನ್ವಿಗೆ ಮಾತು ಬರುವುದು ತಡವಾಗಿ. ಪ್ರಶ್ನೆ ಕೇಳಿದರೆ ಅವಳ ಬಾಯಿ ತೆರೆಯುವ ಮೊದಲು ಒಂದು ಬಸ್ಸು ಬಂದು ಜನ ಹತ್ತಿಸಿ ಹೋಗಬಹುದು. ಎದುರಿಗಿದ್ದವರಿಗೆ ಮುಖ ಕಾಣುತ್ತದೆ, ಕಾಯುತ್ತಾರೆ. ಫೋನಿಗೆ ಮುಖವಿಲ್ಲ. ಅದಕ್ಕೇ ಅವಳು ಅದುವರೆಗೆ ಫೋನೆತ್ತುತ್ತಿರಲಿಲ್ಲ, ಅಜ್ಜಿಗೆ ಕೂಡ. ಈಗ ತಾನೇ ಹೋಗಿ ಆ ಕೆಲಸವನ್ನೇ ಹಿಡಿದಿದ್ದಳು.

ಸೋಮವಾರ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ನಂಬರ್ ಒತ್ತಿದಳು. ಆ ಕಡೆಯಿಂದ "ಹಲೋ, ಹಲೋ, ಯಾರು?" ಎಂದಿತು. ಮನ್ವಿಯ ತುಟಿ ಅಲುಗಿತು. ಅಷ್ಟರಲ್ಲಿ ಕಟ್ಟಾಯಿತು. ಮಂಗಳವಾರವೂ ಹಾಗೇ. ಬುಧವಾರ ಕಮಲಕ್ಕ, "ಈ ಕಂಪೆನಿಯವರಿಗೆ ಬೇರೆ ಕೆಲಸ ಇಲ್ಲ," ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಅಕ್ಕ ತನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳೆಂದರೆ ಬಳೆಯ ಅಚ್ಚು ಬಿದ್ದಿತ್ತು. ಹೋಗಬೇಕಾದದ್ದು ಶನಿವಾರ. ಶುಕ್ರವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಸರದಿ ಬೇರೆ ಗುಂಪಿಗೆ.

ಗುರುವಾರ ನಾನು ನನ್ನ ಘನಕಾರ್ಯ ಮಾಡಿದೆ. ಕನಿಕರದಿಂದ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಎಂಟು ವರ್ಷದ ಹುಡುಗಿಯ ಸ್ವರ ನನ್ನ ಪಟ್ಟಿಯಲ್ಲಿ ಇನ್ನೂ ಇಲ್ಲವಲ್ಲ ಎಂಬುದೂ ಒಂದು ಕಾರಣವಾಗಿತ್ತು. ಒಂದೇ ನಿಮಿಷದಲ್ಲಿ ಕಮಲಕ್ಕ, "ಬನ್ನಿ ಮಗಾ, ಶನಿವಾರ ಹತ್ತು ಗಂಟೆಗೆ," ಎಂದರು. ಮನ್ವಿ ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಸುದ್ದಿ ಹೇಳಿದೆ. ಖುಷಿಯಾದೀತೆಂದು ಕಾದೆ. ಅವಳು ಟವೆಲನ್ನು ತನ್ನ ಎತ್ತರದ ಮೊಳೆಗೆ ನೇತು ಹಾಕಿದಳು. ಶಾಲೆಯ ಪುಸ್ತಕ ತೆರೆದಳು. 'ಫೋನ್: ಮನ್ವಿ' ಎಂದಿದ್ದಲ್ಲಿ 'ಮನ್ವಿ'ಯನ್ನು ರಬ್ಬರಿನಿಂದ ಉಜ್ಜಿ 'ಮಾವ' ಎಂದು ಬರೆದಳು. ಅಳಲಿಲ್ಲ. ಆ ರಾತ್ರಿ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ, ಅಷ್ಟೆ. ಅತ್ತಿದ್ದರೆ ಐಸ್‌ಕ್ರೀಮಿನಲ್ಲಿ ಮುಗಿಸಬಹುದಿತ್ತು.

ಶುಕ್ರವಾರ ತರಗತಿಯಲ್ಲಿ ಮಕ್ಕಳದೇ ಸಭೆ. ಸಂಜೆ ತೀರ್ಪು ಮನೆಗೆ ಬಂತು. ಒಂದು, ಮಾವ ಮಾಡಿದ ಫೋನು ಲೆಕ್ಕಕ್ಕಿಲ್ಲ. ಎರಡು, ಭಾವನಿಗೆ ಶನಿವಾರ ಕೆಲಸ ಇರುವುದರಿಂದ ಕಾವಲಿಗೆ ಮಾವನೇ ಬರಬಹುದು. ಮೂರು, ಮಾವ ಬಾಯಿ ತೆರೆಯಬಾರದು. ಲವೀನಾ ಆಂಟಿ ಕೆಳಗೆ ಒಂದು ಸಾಲು ಸೇರಿಸಿದ್ದರು: 'ದಯವಿಟ್ಟು ಸಹಕರಿಸಿ.' ಆ ಸಾಲನ್ನು ಅವರ ಸ್ವರದಲ್ಲಿ ಓದಲು ಬಾಯಿ ತೆರೆದೆ. ಅಕ್ಕ ನೋಡಿದಳು. ಮುಚ್ಚಿದೆ.

ಈಗ ಮನ್ವಿಯ ಕೆಲಸ ಮೊದಲಿಗಿಂತ ಕಠಿಣವಾಗಿತ್ತು. ಬರೀ ಒಪ್ಪಿಗೆ ಕೇಳಿದರೆ ಸಾಲದು, ನಿನ್ನೆಯ ಮೋಸವನ್ನೂ ಹೇಳಬೇಕು. ಫೋನು ಮೇಜಿನ ಮೇಲೆ, ಸ್ಪೀಕರಿನಲ್ಲಿ. ಸುತ್ತ ನಾವು ಮೂವರು ದೊಡ್ಡವರು, ಕೈಕಟ್ಟಿ. ರಿಂಗಾಯಿತು. "ಹಲೋ?" ಎಂದರು ಕಮಲಕ್ಕ. ನನ್ನ ಗಂಟಲಿನಲ್ಲಿ ಇಡೀ ಸಂಭಾಷಣೆ ತಯಾರಾಗಿ ನಿಂತಿತ್ತು. "ಹಲೋ, ಯಾರದು?" ಇನ್ನೇನು ಕಟ್ಟಾಗಬೇಕು.

"ನಾನು ನಿಧಾನ ಮಾತಾಡುದು," ಎಂದಳು ಮನ್ವಿ. "ಫೋನ್ ಇಡ್ಬೇಡಿ."

ಆ ಕಡೆ ಫೋನನ್ನು ನೆಲದ ಮೇಲಿಟ್ಟ ಸದ್ದಾಯಿತು. ಆಮೇಲೆ ಕಮಲಕ್ಕ, "ಆಯ್ತು. ನಾನು ಓಲೆ ಸೀಳ್ತಾ ಇದ್ದೇನೆ, ಫೋನು ಇಲ್ಲೇ ಇರ್ತದೆ. ನಿನಗೆ ಆಗುವಾಗ ಹೇಳು," ಎಂದರು.

ಮನ್ವಿ ಹೇಳಿದ ಆ ಮಾತು ಅವಳ ಕಾಗದದಲ್ಲಿ ಇರಲಿಲ್ಲ. ನಾಲ್ಕು ಭಾಷೆಯ ನನಗೂ ಹೊಳೆದಿರಲಿಲ್ಲ. ಫೋನಿನಿಂದ ಓಲೆ ಸೀಳುವ ಸರ್‌ಸರ್ ಸದ್ದು ಬರುತ್ತಿತ್ತು. ಅದರ ಮೇಲೆ ಮನ್ವಿ ಒಂದೊಂದೇ ವಾಕ್ಯ ಇಟ್ಟಳು. ತಾನು ಯಾರು, ಯಾಕೆ ಬರುವುದು, ಎಷ್ಟು ಜನ. "ನಿನ್ನೆ ಮಾತಾಡಿದ್ದು ನಾನಲ್ಲ. ನನ್ನ ಮಾವ."

"ಮಾವನಾ? ಅವರಿಗೆ ಎಷ್ಟು ವರ್ಷ?"

"ಇಪ್ಪತ್ತೆರಡು."

"ಹಾಗಾದ್ರೆ ಸರಿಯಾಗ್ಲಿಕ್ಕೆ ಇನ್ನೂ ಸಮಯ ಉಂಟು. ಕರ್ಕೊಂಡು ಬಾ."

ಫೋನಿಟ್ಟ ಮೇಲೆ ಗಡಿಯಾರ ನೋಡಿದೆವು, ಹನ್ನೊಂದು ನಿಮಿಷ. ಅಕ್ಕ ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು.

ಶನಿವಾರ ಕಡಬದ ಬಸ್ಸು ಹತ್ತಿದೆವು. ಕಂಡಕ್ಟರ್ ನನ್ನನ್ನು ನೋಡಿ "ಎಲ್ಲಿಗೆ?" ಎಂದರೆ ನಾನು ಮಕ್ಕಳ ಕಡೆ ಕೈ ತೋರಿಸಿದೆ. ಶಾಹಿಲ್ ಟಿಕೇಟು ಕೇಳಿದ. ಉಪ್ಪಿನಂಗಡಿ ದಾಟಿದ ಮೇಲೆ ಪಕ್ಕದ ಸೀಟಿನ ಮುದುಕರೊಬ್ಬರು ನನ್ನನ್ನು ಮರುಕದಿಂದ ನೋಡಿ ಮಕ್ಕಳ ಹತ್ತಿರ, "ಪಾಪ, ಇವರಿಗೆ ಮಾತು ಹುಟ್ಟಿನಿಂದಲೇ ಇಲ್ಲವಾ?" ಎಂದು ಕೇಳಿದರು.

"ಹಾಗೇನಿಲ್ಲ ಅಜ್ಜ," ಎಂದ ತೇಜಸ್. "ಇವತ್ತು ಮಾತ್ರ ಇಲ್ಲ."

ಈಗ ಮನ್ವಿಗೆ ಹದಿಮೂರು. ಭಾವನಿಗೆ ವರ್ಗವಾಗಿ ಅವರೆಲ್ಲ ಸುಳ್ಯದಲ್ಲಿದ್ದಾರೆ. ಅವಳು ಬೆಂಚಿರುವ ಶಾಲೆಗೇ ಹೋಗುತ್ತಾಳೆ, ಎಲ್ಲರಂತೆ ಪರೀಕ್ಷೆ ಬರೆಯುತ್ತಾಳೆ. ಪುತ್ತೂರಿನ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ; ಗಿಡ್ಡ ಮೊಳೆಗಳನ್ನು ಕಿತ್ತಿರಬಹುದು, ಅಥವಾ ಯಾರದೋ ಮೊಣಕೈಗೆ ತಾಗುತ್ತಿರಬಹುದು. ನಾನು ಅಂಗಡಿಗೆ ಹೋಗುವಾಗ ಆ ಶಾಲೆಯ ದಾರಿಯಲ್ಲೇ ಹೋಗುತ್ತೇನೆ, ಅದು ಸುತ್ತಾದರೂ. ಗದ್ದಲ ಕೇಳಿಸಬೇಕಾದ ಜಾಗದಲ್ಲಿ ಗುಂಯ್ ಎನ್ನುವ ಒಂದು ಸದ್ದು ಮಾತ್ರ ಇರುತ್ತದೆ, ಜೇನುಪೆಟ್ಟಿಗೆಯ ಹತ್ತಿರ ಕಿವಿಯಿಟ್ಟ ಹಾಗೆ. ಅದೊಂದನ್ನು ಅನುಕರಿಸಲು ನನ್ನಿಂದ ಇದುವರೆಗೆ ಆಗಿಲ್ಲ. ಅದಕ್ಕೆ ಮೂವತ್ತು ಜನ ಬೇಕು.

ಆ ಶನಿವಾರಕ್ಕೆ ಮರಳುತ್ತೇನೆ. ಕಮಲಕ್ಕ ಅಂಗಳದಲ್ಲಿ ಕೂತು ಎಲ್ಲ ತೋರಿಸಿದರು. ಓಲೆಯ ಎರಡು ಅಂಚಿನಲ್ಲೂ ಬೆನ್ನಿನಲ್ಲೂ ಮುಳ್ಳು. ಮೊದಲು ಅದನ್ನು ತೆಗೆಯಬೇಕು. ಆಮೇಲೆ ಸುರುಳಿ ಸುತ್ತಿ ಬೇಯಿಸಬೇಕು, ಒಣಗಿಸಬೇಕು, ಒಂದೇ ಅಗಲಕ್ಕೆ ಸೀಳಬೇಕು. ತೇಜಸನ ಪಟ್ಟಿಯ ಪ್ರಶ್ನೆಗಳನ್ನು ಮನ್ವಿಯೂ ಕೇಳಿದಳು. ಅವಳ ಒಂದು ಪ್ರಶ್ನೆ ಮುಗಿಯುವಷ್ಟರಲ್ಲಿ ಕಮಲಕ್ಕನ ಕೈಯಲ್ಲಿ ನಾಲ್ಕು ಓಲೆ ಸೇರಿರುತ್ತಿತ್ತು. ಇಬ್ಬರಿಗೂ ಅವಸರವಿರಲಿಲ್ಲ. ಕೊನೆಗೆ ಮೂವರಿಗೂ ಹೆಣೆಯಲು ಓಲೆ ಕೊಟ್ಟು ಕಮಲಕ್ಕ ನನ್ನ ಕಡೆ ತಿರುಗಿದರು.

"ಗುರುವಾರ ನನ್ನ ಹತ್ರ ಮಾತಾಡಿದ ಕೂಸು ಇವರಾ? ಮೀಸೆ ಭಾರಿ ಉಂಟಲ್ಲ. ಒಮ್ಮೆ ಮಾಡಿ ತೋರಿಸಿ ಮಾರಾಯ್ರೆ, ನೋಡುವ."

ನಾನು ಮಕ್ಕಳನ್ನು ನೋಡಿದೆ. ಮೂವರೂ ತಲೆ ಸೇರಿಸಿ ಪಿಸುಗುಟ್ಟಿದರು. ಒಂದು ಸಲಕ್ಕೆ ರಿಯಾಯಿತಿ ಸಿಕ್ಕಿತು. ಬೆಳಗ್ಗಿನಿಂದ ಕಟ್ಟಿಟ್ಟ ಬಾಯಿ, ಗಂಟಲು ಸರಿಮಾಡಿಕೊಂಡು ಒಂದೇ ಉಸಿರಿಗೆ ಬಿಟ್ಟೆ: "ಹಲೋ, ನಾನು ಮನ್ವಿ ಮಾತಾಡುದು, ನಮಗೆ ಚಾಪೆ ಹೆಣೆಯುದು ನೋಡ್ಬೇಕಿತ್ತು, ಶನಿವಾರ ಬಂದ್ರೆ ಆಗ್ತದಾ?"

ಕಮಲಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಶಾಹಿಲ್ ಮತ್ತು ತೇಜಸ್ ಇನ್ನೊಮ್ಮೆ ಎಂದರು. ವಾಲಿಬಾಲ್ ಮೈದಾನದಲ್ಲಿ ಸಾವಿರ ಜನ ಚಪ್ಪಾಳೆ ಹೊಡೆದರೂ ಆಗದಷ್ಟು ಉಬ್ಬಿ, ನಾನು ಮನ್ವಿಯ ಕಡೆ ನೋಡಿದೆ. ಎರಡು ದಿನದಿಂದ ನನ್ನ ಹತ್ತಿರ ನೇರ ಮಾತಾಡಿರದ ಹುಡುಗಿ. "ಹೇಗುಂಟು?" ಎಂದು ಕೇಳಿದೆ.

ಅವಳು ಒಂದು ಓಲೆಯನ್ನು ಇನ್ನೊಂದರ ಅಡಿಯಿಂದ ತೂರಿಸಿ ಎಳೆದಳು. ಇನ್ನೊಂದನ್ನು ಮೇಲಿಂದ ತಂದಳು. ಬಿಗಿ ಸರಿಯಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಹೇಳಿದಳು:

"ಸ್ವರ ನನ್ನದೇ ಮಾವ. ನಾನು ಆಲೋಚನೆ ಮಾಡುದು ಮಾತ್ರ ಅದ್ರಲ್ಲಿ ಇಲ್ಲ."