ಕೋಟದ ಬಸ್‌ಸ್ಟಾಪಿನಲ್ಲಿ ಒಂದು ಕೂಗು

ನಿನ್ನೆ ಇಡೀ ದಿನ ಕೋಟದಲ್ಲಿ, ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸರಿಗೆ ಪಾಠ ಹೇಳಿದೆ. ನಾಚಿಕೆ ಬಿಡಿ, ಗಿರಾಕಿಯ ಮುಖ ನೋಡಿ ಕೂಗಿ ಕರೆಯಿರಿ ಎಂದು ಮೇಜು ಕುಟ್ಟಿ ಹೇಳಿದ್ದೆ. ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದವರು ಗಿರಿಜಕ್ಕ.

ಇವತ್ತು ಬೆಳಿಗ್ಗೆ ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಸ್ಟಾಪಿನ ಆಚೆ ತುದಿಯಿಂದ ಕೂಗು ಕೇಳಿತು: “ಹ್ವಾಯ್ ಮೇಡಂ! ಹಲ್ಸಿನ್ ಹಪ್ಳ ಇತ್ತ್, ಬನ್ನಿ!”

ಗಿರಿಜಕ್ಕನೇ. ನನ್ನ ಚೀಲದಲ್ಲಿ ಜಾಗವಿರಲಿಲ್ಲ, ಬೇಡ ಎನ್ನಲು ಸಂಕೋಚ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಮಾರುವವರು ಬಂದಾಗ ಮಾಡುವ ಹಾಗೆ, ಯಾರದೋ ಕರೆ ಬಂದಂತೆ ಫೋನು ಕಿವಿಗಿಟ್ಟು ಮುಖ ತಿರುಗಿಸಿದೆ. ಎಂಥ ಟೀಚರು ನಾನು!

ಅವರು ಹತ್ತಿರ ಬಂದು ಕಾದು ನಿಂತರು. ಫೋನು ಇಳಿಸಲೇಬೇಕಾಯಿತು.

“ನೀವ್ ಹೇಳ್ಕೊಟ್ಟಾಂಗೇ ಕೂಗ್ದೆ ಮೇಡಂ. ನನ್ ಸ್ವರ ಸಣ್ಣ ಆಯ್ತಾ ಎಂತ?”

“ಇಲ್ಲ, ಅದು... ಫೋನು ಬಂದಿತ್ತು.”

“ಅಡ್ಡಿಲ್ಲ, ಇನ್ನೊಂದ್ಸಲ ಕೂಗ್ತೆ. ಸರಿ ಇತ್ತಾ ಕಾಣಿ.”

ತಮ್ಮ ಜಾಗಕ್ಕೆ ಮರಳಿ, ನನ್ನ ಮುಖ ನೋಡಿಯೇ ಕೂಗಿದರು. ಸ್ಟಾಪಿನಲ್ಲಿದ್ದವರೆಲ್ಲ ತಿರುಗಿದರು. ಇಬ್ಬರು ಹಪ್ಪಳ ಕೇಳುತ್ತ ಹತ್ತಿರವೂ ಹೋದರು. ಗಿರಿಜಕ್ಕ ಅವರತ್ತ ನೋಡಲಿಲ್ಲ. ಪಾಸೋ ಫೇಲೋ ಎಂದು ನನ್ನನ್ನೇ ನೋಡುತ್ತ ನಿಂತಿದ್ದರು.