ನಿಮ್ಮೋರು, ನಮ್ಮೋರು

ಟೈಲರಕ್ಕ ಹೊಸ ಬಟ್ಟೆ ಹೊಲಿಯುವುದಿಲ್ಲ. ಹೊಲಿದದ್ದನ್ನು ಬಿಚ್ಚಿ ಅಗಲ ಮಾಡುವುದು, ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಇಷ್ಟೇ ಅವಳ ಕೆಲಸ. ಬಂದವರೆಲ್ಲ ಹೇಳುವುದು ಒಂದೇ ಮಾತು, ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ಎಂದು. ಅವರ ಹೊಟ್ಟೆಯ ಕಡೆ ನೋಡದೆ, "ಈಗಿನ ಬಟ್ಟೆನೇ ಹಾಗೆ ಬಿಡಿ," ಎನ್ನುತ್ತ ಪಕ್ಕದ ಹೊಲಿಗೆ ಬಿಚ್ಚುತ್ತಾಳೆ. ಅಂಗಡಿಯ ಇನ್ನರ್ಧದಲ್ಲಿ ಗಂಡ ಕೂತು ಬೀಗದ ಕೈಗಳನ್ನು ಅರದಿಂದ ಉಜ್ಜುತ್ತಾನೆ. ಊರಿನ ಬೀಗಗಳೆಲ್ಲ ಅವನ ಕೈಯಲ್ಲಿ ಪಳಗಿವೆ, ಸ್ವಂತ ಬಾಯಿಗೆ ಮಾತ್ರ ಬೀಗ ಸಿಕ್ಕಿಲ್ಲ.

ಒಂದು ಬೆಳಿಗ್ಗೆ ಅವನು ಪೇಪರನ್ನು ಮೆಷಿನ್ನಿನ ಮೇಲೆ ಹರಡಿದ. "ಇಲ್ನೋಡು, ನಿನ್ನ ತಂಗಿ ಚಡ್ಡಿ ಹಾಕ್ಕೊಂಡು ನಿಂತಿದ್ದಾಳೆ."

ಸುತ್ತಲಿನ ದೇಶಗಳ ಹೆಣ್ಣುಮಕ್ಕಳ ಫುಟ್‌ಬಾಲ್ ಚಾಂಪಿಯನ್‌ಶಿಪ್ ಈ ಸಲ ಇದೇ ಊರಿನಲ್ಲಿ. ನೆರೆ ದೇಶದ ತಂಡದ ಫೋಟೋದಲ್ಲಿ, ಕೊನೆಗೆ ನಿಂತ ಹುಡುಗಿಗೆ ತಂಗಿಯದೇ ಹುಬ್ಬು, ತಂಗಿಯದೇ ಗಲ್ಲ. ಕೆಳಗೆ ಬರೆದಿತ್ತು, ಈಕೆಯ ತಾಯಿಯ ತವರು ಈ ಊರೇ ಎಂದು. ಟೈಲರಕ್ಕನಿಗೆ ಕೈಯಲ್ಲಿದ್ದ ಸೂಜಿ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ತಂಗಿ ಪ್ರೀತಿಸಿ ಮದುವೆಯಾಗಿ ಗಡಿಯಾಚೆ ಹೋದವಳು. ಅದಕ್ಕೆ ಯಾರೂ ಮುನಿದಿರಲಿಲ್ಲ, ಭಾನುವಾರ ಬಂತೆಂದರೆ ಫೋನು ಬರುತ್ತಿತ್ತು. ಮುನಿಸು ಹುಟ್ಟಿದ್ದು ಎರಡೂ ದೇಶಗಳು ಹಾವು ಮುಂಗುಸಿಯಾಗಿ ಗಡಿ ಮುಚ್ಚಿದ ವರ್ಷ. ಫೋನಿನಲ್ಲಿ ಅಕ್ಕ ಏನೋ ಮಾತಿಗೆ, "ಮೊದ್ಲು ಶುರು ಮಾಡಿದ್ದು ನಿಮ್ಮೋರೇ," ಅಂದುಬಿಟ್ಟಳು. "ನಿಮ್ಮೋರು ಅಂದ್ರೆ ಯಾರೇ ಅಕ್ಕ? ಹಾಗಾದ್ರೆ ನಾನು ಯಾರ ಪೈಕಿ?" ಎಂದು ಕೇಳಿ ತಂಗಿ ಫೋನಿಟ್ಟಳು. ಅವಳೇ ಮಾಡಲಿ ಎಂದು ಇವಳು, ಇವಳೇ ಮಾಡಲಿ ಎಂದು ಅವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ. ಇವಳ ಮನಸ್ಸು ಕರಗುವ ಹೊತ್ತಿಗೆ ಅಲ್ಲಿನ ನಂಬರು ಬದಲಾಗಿತ್ತು.

ಅಂದಿನಿಂದ ಟೈಲರಕ್ಕನನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಅವಳು ನಮ್ಮನ್ನು ಪೂರ್ತಿ ಬಿಟ್ಟೇಬಿಟ್ಟಳಾ? ಮಗಳಿಗೆ ನಮ್ಮ ಮಾತಿನ ಒಂದಕ್ಷರವನ್ನಾದರೂ ಕಲಿಸಿದ್ದಾಳಾ? ಕೂಸಾಗಿದ್ದಾಗಿನ ಫೋಟೋ ಬಿಟ್ಟರೆ ಆ ಹುಡುಗಿಯನ್ನು ಅವಳು ಕಂಡಿರಲಿಲ್ಲ.

ಎರಡೂ ದೇಶಗಳಿಗೆ ಪಂದ್ಯ ಬಿದ್ದ ಮಧ್ಯಾಹ್ನ ಗಂಡಹೆಂಡಿರು ಅಂಗಡಿಗೆ ಬೀಗ ಹಾಕಿ ಹೋದರು. ಸ್ಟೇಡಿಯಂನಲ್ಲಿ ಸುತ್ತಲೂ ಊರಿನ ಜನ, ಕೈಯಲ್ಲಿ ಬಾವುಟ. ಗಂಡ ಕಿವಿಯ ಹತ್ತಿರ ಬಗ್ಗಿ, "ನಾವು ಯಾರ ಕಡೆ ಚಪ್ಪಾಳೆ ತಟ್ಟೋದು?" ಎಂದ.

"ಸುಮ್ನೆ ಕೂತ್ಕೊಳ್ರೀ."

ಅವಳು ಆಟ ನೋಡಲೇ ಇಲ್ಲ, ಹುಡುಗಿಯನ್ನು ನೋಡಿದಳು. ಓಡುವಾಗ ಮೊಣಕೈ ಹೊರಗೆ ಚಾಚುವುದು ತಂಗಿಯ ಹಾಗೇ. ಇನ್ನೊಬ್ಬ ಹುಡುಗಿಯ ಜೊತೆ ನಕ್ಕು ಮಾತಾಡಿದ್ದು ಮಾತ್ರ ಆ ಕಡೆಯ ಭಾಷೆಯಲ್ಲಿ.

ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಗೋಲಿಲ್ಲ. ಚೆಂಡು ಎತ್ತರಕ್ಕೆ ಹಾರಿ ಈ ತಂಡದ ಗೋಲಿನ ಮುಂದೆ ಇಳಿಯುತ್ತಿತ್ತು. ಈ ಕಡೆಯ ಆಟಗಾರ್ತಿಯೊಬ್ಬಳು ಅದನ್ನು ಒದ್ದು ದೂರ ಕಳಿಸಲು ಕಾಲೆತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು:

"ನಂದೂ!"

ಚೆಂಡು ತನ್ನದೆಂದು ನಮ್ಮ ಗೋಲ್‌ಕೀಪರ್ ಕೂಗಿದಳೆಂದುಕೊಂಡು ಆ ಹುಡುಗಿ ಪಕ್ಕಕ್ಕೆ ಸರಿದಳು. ಕೂಗಿದವಳು ನೆರೆ ದೇಶದವಳು, ತಂಗಿಯ ಮಗಳು. ಅವಳು ಒದ್ದ ಚೆಂಡು ಗೋಲಿನೊಳಗೆ ಬಿತ್ತು.

ಸ್ಟೇಡಿಯಂ ಹುಚ್ಚೆದ್ದಿತು. ಎದುರಾಳಿಯನ್ನು ಕೂಗಿ ಏಮಾರಿಸುವಂತಿಲ್ಲ ಎಂದು ರೆಫರಿ ಗೋಲು ತಳ್ಳಿಹಾಕಿ ಹುಡುಗಿಗೆ ಹಳದಿ ಕಾರ್ಡು ತೋರಿಸಿದಳು. ಮುಂದಿನ ಸಾಲಿನವನೊಬ್ಬ, "ನಮ್ಮ ಭಾಷೆ ಕಲ್ತು ಬಂದು ನಮಗೇ ಟೋಪಿ ಹಾಕ್ತಾಳೆ," ಎಂದು ಬೈದ. ಹುಡುಗಿ ಮಾತ್ರ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಕಾರ್ಡನ್ನೇ ನೋಡುತ್ತ ನಿಂತಿದ್ದಳು. ಉಸಿರು ಮೇಲೆ ಕೆಳಗೆ ಆಗುವಾಗ ಯಾರಾದರೂ ಭಾಷೆ ಆರಿಸಿ ಕೂಗುತ್ತಾರೆಯೇ? ಬಾಯಿಗೆ ಬಂದದ್ದು ಬಂತು.

ಟೈಲರಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಕಿಟಕಿ ಪಕ್ಕದ ಜಾಗಕ್ಕೆ, ದೊಡ್ಡ ದಿಂಬಿಗೆ, ಹಾಲಿನ ಪಾತ್ರೆಯ ಕೆನೆಗೆ ತಂಗಿ ಹೀಗೇ ಕೊನೆಯನ್ನು ಎಳೆದು ಕೂಗುತ್ತಿದ್ದಳು. "ಕಲ್ತಿದ್ದಲ್ಲಪ್ಪ ಅದು," ಎಂದು ಮುಂದಿನವನಿಗೆ ಹೇಳಹೊರಟವಳನ್ನು ಗಂಡ ತೋಳು ಹಿಡಿದು ಕೂರಿಸಿದ. ಬೀಗದವನಿಗೂ ಸುಮ್ಮನಿರುವುದು ಗೊತ್ತಿತ್ತು ಎನ್ನಿ.

ಪಂದ್ಯ ಸಮನಾಗಿ ಮುಗಿಯಿತು. ಪಕ್ಕದ ಗೇಟಿನಲ್ಲಿ ಆಟಗಾರ್ತಿಯರ ಬಸ್ಸು ನಿಂತಿತ್ತು, ಜನ ನುಗ್ಗದಂತೆ ಹಗ್ಗ ಕಟ್ಟಿದ್ದರು. ಟೈಲರಕ್ಕ ನೆರಳಿನಲ್ಲಿ ಹಗ್ಗಕ್ಕೆ ಆತುಕೊಂಡು ಕಾದಳು. ಹುಡುಗಿ ತಲೆ ತಗ್ಗಿಸಿ ಬರುತ್ತಿದ್ದಳು.

"ಮಗಳೇ, ಇಲ್ಲಿ. ನಾನು ನಿನ್ನ ದೊಡ್ಡಮ್ಮ."

ಹುಡುಗಿ ನಿಂತಳು. ಬಸ್ಸಿನ ಕಡೆ ನೋಡಿ, ಮತ್ತೆ ಇವಳ ಕಡೆ ನೋಡಿ, ಹತ್ತಿರ ಬಂದಳು.

"ನೀನಾ?" ಎಂದಳು. ಬಹುವಚನ ಅವಳಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಈ ಮಾತಾಡುವವರು ತಾಯಿ ಮಗಳು ಇಬ್ಬರೇ, ಅವರಲ್ಲಿ ಯಾರು ಯಾರಿಗೆ ನೀವು ಎನ್ನಬೇಕು?

"ನಾನೇ ಕಣೇ. ಅಮ್ಮ ಹೇಗಿದ್ದಾಳೆ?"

ಹುಡುಗಿ ಮತ್ತೊಮ್ಮೆ ಬಸ್ಸಿನ ಕಡೆ ನೋಡಿದಳು. "ಅಮ್ಮ, ನಿನ್ನ ಜೊತೆ ಮಾತಾಡ್ಬೇಡ ಅಂದಿದ್ದಾಳೆ."

ಟೈಲರಕ್ಕ ತಲೆಯಾಡಿಸಿದಳು.

"ಮಾತಾಡ್ಬೇಡ," ಎಂದಳು ಹುಡುಗಿ, ಪಾಠ ಒಪ್ಪಿಸುವವಳಂತೆ. "ಆದ್ರೆ ಬಂದಿದ್ರೆ ಚೆನ್ನಾಗಿ ನೋಡ್ಕೊಂಡು ಬಾ. ಹೇಗಿದ್ದಾಳೆ ಅಂತ ನಂಗೆ ಬಂದು ಹೇಳು, ಅಂದ್ಲು."

ಬಸ್ಸಿನಿಂದ ಯಾರೋ ಕೂಗಿದರು. ಟೈಲರಕ್ಕ ಕಣ್ಣೊರೆಸಿಕೊಂಡಳು, ಎರಡೂ ಕೈಯಿಂದ ಕೂದಲು ಹಿಂದಕ್ಕೆ ಒತ್ತಿಕೊಂಡಳು. ಆಮೇಲೆ ಹಗ್ಗದಿಂದ ಹಿಂದೆ ಸರಿದು, ಅಡಿಯಿಂದ ಮುಡಿಯವರೆಗೂ ಕಾಣುವ ಹಾಗೆ, ಬಿಸಿಲಿಗೆ ಬಂದು ನೆಟ್ಟಗೆ ನಿಂತಳು.